ಚಂದ್ರಮೌಳಿಯ ಕಲ್ಲು

ಡ್ರಾಯಿಂಗ್ ಮೇಷ್ಟ್ರು ಫಣಿರಾಯರು ಬಿದ್ದು ಸೊಂಟದ ಮೂಳೆ ಮುರಿದುಕೊಂಡದ್ದು ನಮ್ಮ ಮನೆಯಿಂದ ನಾಲ್ಕನೇ ಮನೆಯ ಮುಂದೆ. ಬೆಳಗಿನ ಹತ್ತು ಗಂಟೆ, ಕೈಯಲ್ಲಿ ಕೊತ್ತಂಬರಿ ಸೊಪ್ಪಿನ ಕಟ್ಟು. ಆ ಮನೆಯ ಮುಂದೆ ಒಂದು ಕಾಲದಲ್ಲಿ ಒಂಬತ್ತು ಕಲ್ಲುಗಳಿದ್ದವು, ಈಗ ಎರಡೇ ಉಳಿದಿವೆ. ಮಿಕ್ಕ ಕಡೆಯೆಲ್ಲ ಹಳ್ಳ. ಮೇಷ್ಟ್ರು ಮೂವತ್ತು ವರ್ಷದಿಂದ ಆ ಹಳ್ಳಗಳನ್ನು ದಾಟಿಕೊಂಡೇ ಓಡಾಡಿದವರು, ಅವತ್ತು ಯಾಕೋ ಕಾಲಿಗೆ ಅಳತೆ ತಪ್ಪಿತು.

ನಮ್ಮೂರಿನ ಫುಟ್‌ಪಾತೇ ಹಾಗೆ. ಮನೆಯಲ್ಲಿ ಮಗು ಹುಟ್ಟಿದರೆ, ಸೊಸೆ ಬಂದರೆ, ಪುರಸಭೆಯವನು ಬಂದು ಮನೆ ಮುಂದೆ ಒಂದು ಹಾಸುಗಲ್ಲು ಇಟ್ಟು ಹೋಗುತ್ತಾನೆ. ಬರೀ ಮಣ್ಣಿನ ಮೇಲೆ ಇಡುತ್ತಾನೆ, ಗಾರೆಯಿಲ್ಲ, ಸಿಮೆಂಟಿಲ್ಲ. ಆ ಜೀವ ಎಲ್ಲೇ ಇರಲಿ, ಇರುವಷ್ಟು ದಿನ ಕಲ್ಲು ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಜೀವ ಹೋದ ದಿನ ಕಾಲಿಟ್ಟರೆ ಕುಲುಕುತ್ತದೆ. ಹದಿಮೂರನೇ ದಿನ ಅದನ್ನು ಎತ್ತಿ ಕೆರೆ ಏರಿಯ ಮೇಲೆ ಹಾಕಿ ಬರುತ್ತಾರೆ. ಆ ಜಾಗದಲ್ಲಿ ಇನ್ನೊಂದು ಕಲ್ಲು ಇಡುವ ಪದ್ಧತಿ ಇರಲಿಲ್ಲ. ಹಾಗಾಗಿ ಹುಟ್ಟಿದವರಿಗಿಂತ ಹೋದವರು ಹೆಚ್ಚಿರುವ ನಮ್ಮ ಬೀದಿಯಂಥ ಬೀದಿಗಳಲ್ಲಿ ಫುಟ್‌ಪಾತು ಹಲ್ಲುದುರಿದ ಬಾಯಿಯಂತಾಗಿತ್ತು.

ಪರವೂರಿಗೆ ಹೋದ ಮಕ್ಕಳಿಂದ ಸುದ್ದಿ ಬರದಿದ್ದರೆ ನಮ್ಮೂರಿನ ತಾಯಂದಿರು ಅಷ್ಟಾಗಿ ಗಾಬರಿಯಾಗುವುದಿಲ್ಲ. ಬೆಳಗ್ಗೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಮಗನ ಕಲ್ಲಿನ ಮೇಲೆ ಬಲಗಾಲಿಟ್ಟು ಮೈಭಾರ ಬಿಡುತ್ತಾರೆ. ಗಟ್ಟಿಯಿದ್ದರೆ ಒಳಗೆ ಹೋಗಿ ಒಲೆ ಹಚ್ಚುತ್ತಾರೆ. ತಾಯಿ ಇರುವವರೆಗೆ ತಾಯಿಯೇ ತುಳಿದು ನೋಡಬೇಕು. ಹೆಂಡತಿ ತುಳಿಯುವಂತಿಲ್ಲ.

ನಮ್ಮ ಮನೆ ಮುಂದೆ ಮೂರು ಕಲ್ಲುಗಳಿದ್ದವು. ಅತ್ತೆ ಶಿವಗಂಗಮ್ಮನದೊಂದು, ನನ್ನದೊಂದು, ನಮ್ಮ ಮನೆಯವರದೊಂದು. ಅವರ ಹೆಸರು ಚಂದ್ರಮೌಳಿ. ಬೋರ್‌ವೆಲ್ ಲಾರಿಯವರ ಜೊತೆ ಕೆಲಸಕ್ಕೆ ಹೊರಟಾಗ ನನಗೆ ಇಪ್ಪತ್ತಾರು ವರ್ಷ, ಈಗ ನಲವತ್ತೈದು. ಜಗಳ ಗಿಗಳ ಏನೂ ಆಗಿರಲಿಲ್ಲ. ಮಳೆ ಹಿಡಿಯುವುದರೊಳಗೆ ಬರುತ್ತೇನೆ ಅಂದಿದ್ದರು. ಮೊದಲ ವರ್ಷ ಮೂರು ಸಲ ಎದುರು ಮನೆ ಪುಟ್ಟಗೌರಮ್ಮನವರಿಗೆ ಫೋನು ಮಾಡಿ ನನ್ನನ್ನು ಕರೆಸಿ ಮಾತಾಡಿದರು. ಕೊನೆಯ ಸಲ ಯಾವುದೋ ಭಾಷೆ ಬಾರದ ಊರು, ಹಿಂದೆ ಯಂತ್ರದ ಸದ್ದು. "ಕೇಳಿಸ್ತಾ ಇದೆಯಾ?" ಅಂತ ಅವರು, "ಕೇಳಿಸ್ತಾ ಇದೆ" ಅಂತ ನಾನು, ಇಷ್ಟರಲ್ಲೇ ಮಾತು ಮುಗಿಯಿತು.

ಆಮೇಲೆ ಉಳಿದದ್ದು ಕಲ್ಲೊಂದೇ. ಅತ್ತೆ ದಿನಾ ಬೆಳಗ್ಗೆ ಅದನ್ನು ತುಳಿದು, ಒಳಗಿದ್ದ ನನಗೆ ಕೇಳುವಂತೆ, "ಇದ್ದಾನೆ ಕಣೇ ಶಾಂಭವಿ" ಅನ್ನುತ್ತಿದ್ದರು. ಒಂದು ದಿನ ತಪ್ಪಿಸಿದವರಲ್ಲ. ಆ ಮಾತಿನ ಮೇಲೆಯೇ ನಾನು ಹಣೆಗೆ ಕುಂಕುಮ ಇಟ್ಟುಕೊಂಡೆ, ಹೂ ಮುಡಿದೆ, ಮನೆಯಲ್ಲೇ ಮಿಷನ್ ಇಟ್ಟುಕೊಂಡು ಸೀರೆಗಳಿಗೆ ಫಾಲ್ ಹಾಕುವ ಕೆಲಸ ಹಿಡಿದೆ. ಮದುವೆ ಸೀರೆಗಳನ್ನೆಲ್ಲ ನನ್ನ ಹತ್ತಿರವೇ ತರುತ್ತಿದ್ದರು. ಮುತ್ತೈದೆಯ ಕೈಯಲ್ಲಿ ಫಾಲ್ ಹಾಕಿಸಿದರೆ ಒಳ್ಳೆಯದು ಎಂದು ನಮ್ಮ ಕಡೆ ನಂಬಿಕೆ. ಎರಡು ವರ್ಷದ ಹಿಂದೆ ಅತ್ತೆ ತೀರಿಕೊಂಡರು, ಅವರ ಕಲ್ಲು ಏರಿಗೆ ಹೋಯಿತು. ಅಂದಿನಿಂದ ನಮ್ಮ ಮನೆ ಮುಂದೆ ಎರಡು ಕಲ್ಲು, ನಡುವೆ ಒಂದು ಹಳ್ಳ. ದಿನಕ್ಕೆ ನಾಲ್ಕು ಸಲ ಆ ಹಳ್ಳ ದಾಟುತ್ತಿದ್ದೆ.

ಮೇಷ್ಟ್ರು ಬಿದ್ದ ಮೇಲೆ ಬೀದಿಯವರೆಲ್ಲ ಸೇರಿ ಅರ್ಜಿ ಬರೆದರು. ನಮ್ಮ ವಾರ್ಡಿನ ಮೆಂಬರು ಹಿಟ್ಟಿನ ಗಿರಣಿ ತೋಂಟದಾರ್ಯ. ಹುಬ್ಬಿನ ಮೇಲೆ ಯಾವಾಗಲೂ ಒಂದಿಷ್ಟು ಹಿಟ್ಟು ಕೂತಿರುವ, ಎದುರಿಗಿದ್ದವರು ಮಾತು ಮುಗಿಸುವವರೆಗೂ ಕಾಯುವ ಮನುಷ್ಯ. ಶಾಲೆಯ ಹಾಲ್‌ನಲ್ಲಿ ಸಭೆ ಕರೆದು ಹೇಳಿದರು. ಇಡೀ ಬೀದಿಯ ಕಲ್ಲುಗಳನ್ನು ಎತ್ತುವುದು, ಮಣ್ಣು ಸಮ ಮಾಡುವುದು, ಎತ್ತಿದ ಕಲ್ಲನ್ನು ಅದದೇ ಜಾಗದಲ್ಲಿ ಇಡುವುದು. ಹಳ್ಳವಿದ್ದ ಕಡೆ ಯಾರದೂ ಅಲ್ಲದ ಹೊಸ ಕಲ್ಲು ತಂದು ಸಿಮೆಂಟಿನಲ್ಲಿ ಕೂರಿಸುವುದು.

"ಯಾರದೂ ಅಲ್ಲದ ಕಲ್ಲು ಅಂದ್ರೆ?" ಅಂತ ಪುಟ್ಟಗೌರಮ್ಮ ಕೇಳಿದರು.

"ಬರೀ ಕಲ್ಲು ಗೌರಮ್ಮ. ನಡೆಯೋಕೆ."

ಸಭೆಗೆ ಅದು ಅಷ್ಟು ರುಚಿಸಲಿಲ್ಲ. ಆದರೆ ಮೇಷ್ಟ್ರನ್ನು ಕುರ್ಚಿಯ ಮೇಲೆ ಕೂರಿಸಿಕೊಂಡು ನಾಲ್ಕು ಜನ ಎತ್ತಿ ತಂದಿದ್ದರು. ಅವರ ಎದುರು ಯಾರೂ ಬೇಡ ಅನ್ನಲಿಲ್ಲ. ಹಿಂದಿನ ಸಾಲಿನಿಂದ ಯಾರೋ ಕೇಳಿದರು, "ಎತ್ತಿದ ಕಲ್ಲು ಮತ್ತೆ ಕೂರದೆ ಹೋದ್ರೆ?"

"ಇರೋರ ಕಲ್ಲು ತಾನಾಗೇ ಕೂರ್ತದೆ" ಅಂದರು ಮೆಂಬರು. ಆಮೇಲೆ ತಗ್ಗಿದ ದನಿಯಲ್ಲಿ ಸೇರಿಸಿದರು, "ಇನ್ನೊಂದು ಮಾತು. ಹಳೇ ಠರಾವು ಇದೆ, ನಾನು ಮಾಡಿದ್ದಲ್ಲ. ಯಾವ ಕಲ್ಲಿನಡಿ ಗಾರೆ ಸಿಕ್ಕುತ್ತೋ ಆ ಕಲ್ಲು ಏರಿಗೆ ಹೋಗ್ತದೆ. ಗಾರೆ ಹಾಕಿದೋರ ಹೆಸರನ್ನ ಸಭೆಯಲ್ಲಿ ಓದಬೇಕು. ಇರೋರಾಗಲಿ, ತೀರಿಕೊಂಡೋರಾಗಲಿ."



ನಾನು ಗಾರೆ ಹಾಕಿದ್ದು ಏಳು ವರ್ಷದ ಹಿಂದೆ. ಅತ್ತೆಗೆ ಕಣ್ಣಿನ ಪೊರೆ ತೆಗೆಸಲು ಜಿಲ್ಲಾಸ್ಪತ್ರೆಗೆ ಸೇರಿಸಿದ್ದೆವು, ಜೊತೆಗೆ ಅವರ ತಂಗಿ ಇದ್ದರು. ಹೊರಡುವಾಗ ಅತ್ತೆ, "ನಾನು ಬರೋವರೆಗೂ ಅವನ ಕಲ್ಲು ಹಾಗೇ ಇರ್ಲಿ, ತುಳೀಬೇಡ" ಅಂದಿದ್ದರು. ಎರಡು ದಿನ ತುಳಿಯಲಿಲ್ಲ. ಮನೆಯಲ್ಲಿ ಬೆಳಗ್ಗೆ ಆ ಒಂದು ಮಾತು ಕೇಳದೆ ಏನೋ ಕಳೆದುಕೊಂಡ ಹಾಗಿತ್ತು. ಮೂರನೇ ದಿನ ರಂಗೋಲಿ ಬಿಟ್ಟವಳು ಬಲಗಾಲಿಟ್ಟೆ. ಕಲ್ಲು ಕುಲುಕಿತು. ಕಾಲು ತೆಗೆದು ಮತ್ತೆ ಇಟ್ಟೆ. ಮತ್ತೆ ಕುಲುಕಿತು.

ಒಳಗೆ ಬಂದು ಮಿಷನ್ನಿನ ಮುಂದೆ ಕೂತೆ. ಅಳು ಬರಲಿಲ್ಲ. ಹನ್ನೆರಡು ವರ್ಷ ಕಾಣದ ಮುಖವನ್ನು ನೆನಪಿಗೆ ತಂದುಕೊಳ್ಳಲು ನೋಡಿದೆ, ಮೂಗು ಬಂತು, ಮೀಸೆ ಬಂತು, ಎರಡೂ ಸೇರಿ ಒಂದು ಮುಖವಾಗಲಿಲ್ಲ. ಮನಸ್ಸಿಗೆ ಬಂದದ್ದು ಅತ್ತೆ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ನಾಳಿದ್ದು ಮನೆಗೆ ಬರುವವರು. ಒಂದು ತಿಂಗಳು ಕಣ್ಣಲ್ಲಿ ನೀರು ಬರಬಾರದು, ಜೋಪಾನ ಎಂದು ಡಾಕ್ಟರು ನನ್ನನ್ನೇ ಕರೆದು ಹೇಳಿದ್ದರು. ಪಕ್ಕದ ಮನೆಯವರು ಬಚ್ಚಲು ಕಟ್ಟಿಸಿ ಉಳಿದ ಸಿಮೆಂಟನ್ನು ಹಿತ್ತಲಲ್ಲಿ ಇಟ್ಟಿದ್ದರು. ಕೇಳಿ ಒಂದು ಬುಟ್ಟಿ ತಂದೆ. ಒಲೆ ಸರಿಮಾಡಬೇಕು ಅಂದೆ. ಮಧ್ಯಾಹ್ನ ಬೀದಿಯೆಲ್ಲ ಊಟ ಮಾಡಿ ಮಲಗಿದ ಹೊತ್ತಿನಲ್ಲಿ ಹಾರೆಯಿಂದ ಕಲ್ಲಿನ ಒಂದು ಅಂಚನ್ನು ಮೀಟಿ, ಕಲಸಿದ ಸಿಮೆಂಟನ್ನು ಕೈಯಿಂದಲೇ ಕೆಳಗೆ ತುರುಕಿದೆ. ಮೇಲೆ ಮಣ್ಣು ಸವರಿ ರಂಗೋಲಿ ಪುಡಿ ಉದುರಿಸಿದೆ.

ಅತ್ತೆ ಬಂದರು. ಕಪ್ಪು ಕನ್ನಡಕ ಹಾಕಿಕೊಂಡೇ ಮರುದಿನ ಬೆಳಗ್ಗೆ ಗೋಡೆ ಹಿಡಿದುಕೊಂಡು ಹೋಗಿ ಕಲ್ಲು ತುಳಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. "ಇದ್ದಾನೆ ಕಣೇ ಶಾಂಭವಿ" ಅಂದರು. ಒಂದು ತಿಂಗಳಾದ ಮೇಲೆ ಹೇಳೋಣ ಅಂದುಕೊಂಡೆ. ತಿಂಗಳು ಕಳೆದ ಮೇಲೆ ಹಬ್ಬ ಬಂತು. ಹಬ್ಬ ಕಳೆದ ಮೇಲೆ ಅವರಿಗೆ ಮಂಡಿನೋವು. ಹೀಗೆ ಐದು ವರ್ಷ. ಬೆಳಗಿನ ಆ ಮಾತು ಕೇಳಿದಾಗಲೆಲ್ಲ ಒಗ್ಗರಣೆಗೆ ಸಾಸಿವೆ ಹಾಕುವ ನೆಪದಲ್ಲಿ ಬೆನ್ನು ತಿರುಗಿಸುತ್ತಿದ್ದೆ. ಅತ್ತೆ ಸತ್ತ ಮೇಲಾದರೂ ಹೇಳಬಹುದಿತ್ತು. ಆದರೆ ಆ ಕಲ್ಲೂ ಹೋದರೆ ನಮ್ಮ ಮನೆ ಮುಂದೆ ನನ್ನದೊಂದೇ. ಅದನ್ನು ನೋಡುವ ಧೈರ್ಯ ಇರಲಿಲ್ಲ. ಸುಳ್ಳಾದರೂ ಜೊತೆಗೊಂದು ಇರಲಿ ಅನ್ನಿಸಿತ್ತು.

ಕೆಲಸ ಶುರುವಾದ ಒಂಬತ್ತನೇ ದಿನ ನಮ್ಮ ಮನೆ ಮುಂದಕ್ಕೆ ಬಂದರು. ಗಾರೆ ಕೆಲಸದ ದುರ್ಗಪ್ಪ ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಅವನ ತಂದೆಯೇ ನನ್ನ ಮದುವೆಯಲ್ಲಿ ನನ್ನ ಕಲ್ಲು ಇಟ್ಟದ್ದು. ಮೊದಲು ನನ್ನ ಕಲ್ಲು ಎತ್ತಿ, ಮಣ್ಣು ತಟ್ಟಿ, ಹಿಂದಕ್ಕೆ ಇಟ್ಟ. ಅದು ಗಕ್ಕನೆ ಕೂತುಕೊಂಡಿತು. ಮೆಂಬರು ಸ್ವಲ್ಪ ದೂರದಲ್ಲಿ ಟೇಪು ಹಿಡಿದು ಮೇಷ್ಟ್ರ ಮನೆಯ ಮುಂದೆ ಅಳೆಸುತ್ತಿದ್ದರು. ದುರ್ಗಪ್ಪ ಚಂದ್ರಮೌಳಿಯ ಕಲ್ಲಿಗೆ ಹಾರೆ ಹಾಕಿದ. ಕಲ್ಲು ಬರಲಿಲ್ಲ. ಇನ್ನೊಂದು ಕಡೆಯಿಂದ ಹಾಕಿದ. ಒಳಗೆ ಏನೋ ಲಟಕ್ಕೆಂದು ಮುರಿಯಿತು. ಅವನು ಹಾರೆ ಬಿಟ್ಟು ನನ್ನ ಮುಖ ನೋಡಿದ.

ಬೇಡಿಕೊಳ್ಳಬೇಕೆಂದು ಮೂರು ದಿನದಿಂದ ಮಾತು ಜೋಡಿಸಿಕೊಂಡಿದ್ದೆ. ಮಜ್ಜಿಗೆಯ ಲೋಟ ಹಿಡಿದುಕೊಂಡು ಹತ್ತಿರ ಹೋದೆ. ಅವನೇ ಅಂದ, "ಗೊತ್ತಾಯ್ತು ಬಿಡಕ್ಕ. ಈ ಬೀದೀಲಿ ಇದು ನಾಲ್ಕನೇದು. ಮೆಂಬರು ಆ ಕಡೆ ಇದಾರೆ. ಸಿಮೆಂಟು ಕಿತ್ತು ಮಣ್ಣಲ್ಲಿ ಮುಚ್ಚಿ, ಹೊಸಾ ಗಾರೇಲಿ ಕೂರಿಸಿಬಿಡ್ತೀನಿ. ಯಾರೂ ನೋಡಲ್ಲ."

ನನಗೆ ಬೇಕಾಗಿದ್ದದ್ದು ಅದೇ. ತಲೆಯಾಡಿಸಿದೆ. ಅವನು ಕಲ್ಲನ್ನು ಪೂರ್ತಿ ಎಬ್ಬಿಸಿ ಗೋಡೆಗೆ ಆನಿಸಿದ. ನನ್ನ ಸಿಮೆಂಟು ಒಂದು ಅಂಚಿನಲ್ಲಿ ಬೂದು ಬಣ್ಣದ ರೊಟ್ಟಿಯಂತೆ ಅಂಟಿಕೊಂಡಿತ್ತು. ಕರಣೆಯಿಂದ ಕೆರೆಯುತ್ತಾ ಹೋದವನು ನಡುವಿಗೆ ಬಂದು ನಿಂತ.

"ಎರಡು ಸಲ ಕೂರಿಸಿದ್ದೀರಾ ಅಕ್ಕ?"

"ಇಲ್ವಲ್ಲ. ಒಂದೇ ಸಲ."

ಅವನು ಒಂದು ಹೆಂಟೆ ತೆಗೆದು ಬೆರಳಲ್ಲಿ ಉಜ್ಜಿದ. "ಇದು ಸಿಮೆಂಟಲ್ಲ, ಸುಣ್ಣದ ಗಾರೆ. ನಮ್ಮೂರ ಗೂಡಲ್ಲಿ ಸುಟ್ಟ ಸುಣ್ಣ, ಕೆಂಪಗೆ ಕಾಣ್ತದೆ ನೋಡಿ. ಆ ಗೂಡು ಮುಚ್ಚಿಯೇ ಹದಿನಾಲ್ಕು ವರ್ಷ ಆಯ್ತು. ಅದಕ್ಕೂ ಹಿಂದಿಂದು ಇದು. ಕೆಲಸ ಬಲ್ಲೋರು ಮಾಡಿಲ್ಲ, ಮರಳು ಕಮ್ಮಿ ಹಾಕಿದಾರೆ, ಅದಕ್ಕೇ ಬಿಟ್ಕೊಂಡಿದೆ. ಕರಣೇನೂ ಇಲ್ಲ, ಕೈಯಲ್ಲೇ ಒತ್ತಿದಾರೆ."

ಬಗ್ಗಿ ನೋಡಿದೆ. ಸುಣ್ಣದಲ್ಲಿ ನಾಲ್ಕು ಬೆರಳಿನ ಗುರುತು ಸಾಲಾಗಿ ಉಳಿದಿತ್ತು. ನನ್ನ ಬೆರಳು ಇಟ್ಟು ನೋಡಿದೆ. ಹೊಂದಲಿಲ್ಲ, ಅವು ನನ್ನ ಬೆರಳಿಗಿಂತ ಗಿಡ್ಡ.

ನಮ್ಮ ಮನೆಯವರು ಊರು ಬಿಟ್ಟ ಮೂರನೇ ವರ್ಷ ನಾನು ನಮ್ಮಪ್ಪನಿಗೆ ಹುಷಾರಿಲ್ಲವೆಂದು ತವರಿಗೆ ಹೋಗಿ ಹದಿನೈದು ದಿನ ಇದ್ದು ಬಂದಿದ್ದೆ. ಬಂದಾಗ ಅತ್ತೆ ಅಡಿಗೆಮನೆಗೆ ಸುಣ್ಣ ಬಳಿದಿದ್ದರು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಸುಣ್ಣ ತಿಂದು ಬೆರಳ ಸಂದಿಯೆಲ್ಲ ಬಿರಿದು ರಕ್ತ ಬರುತ್ತಿತ್ತು. "ಈ ವಯಸ್ಸಲ್ಲಿ ಯಾಕೆ ಬೇಕಿತ್ತು ಅತ್ತೆ?" ಎಂದು ಬೈದು, ವಾರಗಟ್ಟಲೆ ಆ ಬೆರಳುಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿದವಳು ನಾನೇ. ಹಚ್ಚುವಾಗ ಅವರು ನನ್ನ ಮುಖ ನೋಡದೆ ಬೀದಿ ಕಡೆ ನೋಡುತ್ತಿದ್ದರು. ಉರಿಗೆ ಕಣ್ಣಲ್ಲಿ ನೀರು ಬರುತ್ತಿದೆ ಅಂದುಕೊಂಡಿದ್ದೆ.

ಹಾಗಾದರೆ ಆಗಲೇ. ನನಗೆ ಇಪ್ಪತ್ತೊಂಬತ್ತು ವರ್ಷವಿದ್ದಾಗಲೇ ನಮ್ಮ ಮನೆಯವರು ತೀರಿಹೋಗಿದ್ದರು. ನಮ್ಮಪ್ಪ ಆಗಿನ್ನೂ ಬದುಕಿದ್ದರು. ಬಾ ಮಗಳೇ ಎಂದು ಕರೆದುಕೊಂಡು ಹೋಗುತ್ತಿದ್ದರೇನೋ. ಇನ್ನೊಂದು ಮದುವೆ, ಇನ್ನೊಂದು ಊರು, ಇನ್ನೊಂದು ಬಾಗಿಲಿನ ಮುಂದೆ ಕಲ್ಲು ಆಗುತ್ತಿತ್ತೇನೋ. ಅತ್ತೆ ಆ ಕೆಲಸ ಮಾಡಿದ್ದು ನನ್ನ ಮೇಲಿನ ಕರುಣೆಯಿಂದಲೋ, ನಾನು ಹೊರಟುಹೋದರೆ ಒಬ್ಬಳೇ ಆಗುತ್ತೇನೆಂಬ ಹೆದರಿಕೆಯಿಂದಲೋ? ಕೇಳಲು ಅವರಿಲ್ಲ. ಸಿಟ್ಟು ಬಂತು. ಕೈಯಲ್ಲಿದ್ದ ಮಜ್ಜಿಗೆ ಲೋಟವನ್ನು ನೆಲದ ಮೇಲೆ ಕುಕ್ಕಿದೆ.

ಆದರೆ ಆ ಸಿಟ್ಟು ಹೆಚ್ಚು ಹೊತ್ತು ಉಳಿಯಲಿಲ್ಲ. ಕೊನೆಯ ಐದು ವರ್ಷ ಇಬ್ಬರಿಗೂ ಗೊತ್ತಿತ್ತಲ್ಲ ಎಂಬುದು ಆಮೇಲೆ ಹೊಳೆಯಿತು. ದಿನಾ ಬೆಳಗ್ಗೆ ಅವರು ಹೊರಗೆ ನಿಂತು ನನಗಾಗಿ ಸುಳ್ಳು ಹೇಳುತ್ತಿದ್ದರು, ನಾನು ಒಳಗೆ ನಿಂತು ಅವರಿಗಾಗಿ ಅದನ್ನು ನಂಬುತ್ತಿದ್ದೆ. ಆಮೇಲೆ ಇಬ್ಬರೂ ಎದುರುಬದುರು ಕೂತು ಕಾಫಿ ಕುಡಿಯುತ್ತಿದ್ದೆವು. ಒಬ್ಬರು ಒಂದು ದಿನ ಬಾಯಿ ಬಿಟ್ಟಿದ್ದರೆ ಇಬ್ಬರೂ ಸೇರಿ ಅಳಬಹುದಿತ್ತು. ಅವರು ಒಬ್ಬರೇ ಅತ್ತರು, ಯಾವಾಗ ಅತ್ತರೋ ನನಗೆ ತಿಳಿಯದು. ನಾನು ಅಳಲೇ ಇಲ್ಲ.

"ಬೇಗ ಹೇಳಿ ಅಕ್ಕ, ಮೆಂಬರು ಬರ್ತಾ ಇದಾರೆ" ಅಂದ ದುರ್ಗಪ್ಪ. "ಮುಚ್ಚಿಬಿಡ್ಲಾ?"

"ಬೇಡ" ಅಂದೆ. "ಏರಿಗೆ ಹೋಗಲಿ. ಹದಿಮೂರನೇ ದಿನ ಹೋಗಬೇಕಾಗಿದ್ದ ಕಲ್ಲು."

ತೋಂಟದಾರ್ಯ ಬಂದು ನಿಂತರು. ಕಲ್ಲು ನೋಡಿದರು, ಮಣ್ಣು ನೋಡಿದರು, ಸಿಮೆಂಟು ಒಂದು ಕಡೆ, ಸುಣ್ಣ ಒಂದು ಕಡೆ. ಅಷ್ಟರಲ್ಲಿ ಪುಟ್ಟಗೌರಮ್ಮನೂ ಇನ್ನೆರಡು ಮನೆಯ ಹೆಂಗಸರೂ ಹೊರಗೆ ಬಂದಿದ್ದರು. ಮೆಂಬರು ಚೀಲದಿಂದ ಪುಸ್ತಕ ತೆಗೆದರು, ಪೆನ್ನಿನ ಮುಚ್ಚಳ ತೆಗೆದರು, ಆಮೇಲೆ ಬರೆಯದೆ ಮೆಲ್ಲಗೆ ಕೇಳಿದರು.

"ಶಾಂಭವಕ್ಕ, ಸಿಮೆಂಟು ಹಾಕಿದ್ದು ಯಾರು?"

"ನಾನು."

"ಸುಣ್ಣ?"

ದುರ್ಗಪ್ಪ ನೆಲ ನೋಡುತ್ತಿದ್ದ. ಅತ್ತೆಯ ಹೆಸರು ಸಭೆಯಲ್ಲಿ ಓದುವುದು ಹೇಗಿರುತ್ತದೆಂದು ನನಗೆ ಗೊತ್ತಿತ್ತು. ತಪ್ಪು ತೂಕದ ಬೆಲ್ಲವನ್ನು ಅಂಗಡಿಗೆ ವಾಪಸು ಕಳಿಸಿದ ಶಿವಗಂಗಮ್ಮ, ಯಾರ ಮುಖಕ್ಕೂ ಹೆದರದೆ ನಿಜ ಹೇಳುವವಳು ಎಂದು ಬೀದಿಯೇ ಹೆದರುತ್ತಿದ್ದ ಶಿವಗಂಗಮ್ಮ.

"ಅದೂ ನಾನೇ" ಅಂದೆ. "ಎರಡು ಸಲವೂ ನಾನೇ."

ದುರ್ಗಪ್ಪ ತಲೆಯೆತ್ತಿದ, ಮತ್ತೆ ಕೆರೆಯತೊಡಗಿದ. ಅವನಿಗೆ ಗೊತ್ತಿತ್ತು, ನಾನು ಬೆರಳಿಟ್ಟು ನೋಡಿದ್ದನ್ನು ಅವನು ನೋಡಿದ್ದ. ಪುಟ್ಟಗೌರಮ್ಮ ಬಾಯಿಗೆ ಸೆರಗು ಹಿಡಿದುಕೊಂಡರು. ಮೆಂಬರು ಬರೆದುಕೊಂಡರು. ಇನ್ನೊಂದು ಕಾಲಂ ಖಾಲಿಯಿತ್ತು.

"ಯಾವತ್ತು ಹೋದ್ರು ಅಂತ ಬರೆಯೋಣ?"

"ಹದಿನಾರು ವರ್ಷ ಆಗಿರಬೇಕು. ತಾರೀಕು ಗೊತ್ತಿಲ್ಲ."

"ಗೊತ್ತಿರೋರು ಯಾರಾದ್ರೂ?"

"ಇಲ್ಲ" ಅಂದೆ. ತೋಂಟದಾರ್ಯ ಆ ಕಾಲಂ ಹಾಗೆಯೇ ಬಿಟ್ಟು ಪುಸ್ತಕ ಮುಚ್ಚಿದರು. ಹೋಗುವ ಮುಂಚೆ ಬೀದಿಯವರ ಎದುರೇ ನನಗೆ ಕೈ ಮುಗಿದರು. ಯಾಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಸಭೆಯಲ್ಲಿ ನಾಲ್ಕು ಹೆಸರು ಓದಿದರು. ಉಳಿದ ಮೂವರು ಮಕ್ಕಳ ಕಲ್ಲಿಗೆ ಗಾರೆ ಹಾಕಿದ ತಂದೆ ತಾಯಿಯರು. ಅವರ ಮನೆಗಳಿಗೆ ಜನ ಹೋಗಿ ಕೂತು ಸಮಾಧಾನ ಹೇಳಿ ಬಂದರು. ನಮ್ಮ ಮನೆಗೆ ಯಾರೂ ಬರಲಿಲ್ಲ. ಹೆತ್ತ ತಾಯಿಗೆ ಮಗ ಸತ್ತದ್ದನ್ನು ಹೇಳದೆ, ಅವಳ ಎದುರಿಗೇ ಹದಿನಾಲ್ಕು ವರ್ಷ ಹೂ ಮುಡಿದುಕೊಂಡು ಓಡಾಡಿದವಳು ಎಂದು ನಲ್ಲಿಯ ಹತ್ತಿರ ಮಾತಾಡಿದ್ದು ನನ್ನ ಕಿವಿಗೂ ಬಿತ್ತು. ಮದುವೆ ಸೀರೆಗಳು ನಿಂತವು. ಹಳೇ ಸೀರೆಗಳು ಮಾತ್ರ ಬರುತ್ತಿದ್ದವು, ಅವನ್ನೂ ಬಾಗಿಲಲ್ಲೇ ಕೊಟ್ಟು ಹೋಗುತ್ತಿದ್ದರು. ಕುಂಕುಮ ನಾನು ಬಿಡಲಿಲ್ಲ, ಹೂ ಬಿಟ್ಟೆ. ಒಬ್ಬಳಿಗೆಂದು ಮೊಳ ಹೂ ಕೊಳ್ಳಲು ಮನಸ್ಸಾಗುತ್ತಿರಲಿಲ್ಲ.

ಫುಟ್‌ಪಾತು ಮಾತ್ರ ಚೆನ್ನಾಗಾಯಿತು. ಮಳೆಗಾಲ ಕಳೆಯುವ ಹೊತ್ತಿಗೆ ಫಣಿರಾಯರು ಊರುಗೋಲು ಹಿಡಿದು ಈ ತುದಿಯಿಂದ ಆ ತುದಿಗೆ ನಿಲ್ಲದೆ ನಡೆದರು. ಮೊದಮೊದಲು ಯಾರದೂ ಅಲ್ಲದ ಕಲ್ಲಿನ ಮೇಲೆ ಕಾಲಿಡಲು ಜನ ಹಿಂಜರಿದರು, ಆಮೇಲೆ ಅಭ್ಯಾಸವಾಯಿತು. ನಮ್ಮ ಮನೆ ಮುಂದೆ ಅಂಥವು ಎರಡು, ಪಕ್ಕದಲ್ಲಿ ನನ್ನದು. ಚಂದ್ರಮೌಳಿಯ ಕಲ್ಲನ್ನು ದುರ್ಗಪ್ಪ ಏರಿಯ ಮೇಲೆ ಎಲ್ಲಿ ಹಾಕಿದನೆಂದು ನಾನು ಕೇಳಲಿಲ್ಲ.

ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ಪುಟ್ಟಗೌರಮ್ಮ ಬಾಗಿಲಲ್ಲಿ ನಿಲ್ಲದೆ ಒಳಗೆ ಬಂದರು. ಕೈಯಲ್ಲಿ ಮೊಮ್ಮಗಳ ಮದುವೆಯ ರೇಷ್ಮೆ ಸೀರೆ. ಚಾಪೆಯ ಮೇಲೆ ಕೂತು, ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಅಂಚು ಸವರಿದರು.

"ನಮ್ಮ ಮನೆ ಜಗುಲಿಯಿಂದ ಎಲ್ಲಾ ಕೇಳೋದು" ಅಂದರು. "ದಿನಾ ಕೂಗಿ ಹೇಳೋಳು, ಇದ್ದಾನೆ ಕಣೇ ಅಂತ. ಅಷ್ಟು ಜೋರಾಗಿ ಯಾಕೆ ಹೇಳ್ತಾಳೆ, ಮನೇಲಿರೋದು ಇಬ್ಬರೇ ಅಲ್ವಾ ಅಂತ ಅಂದ್ಕೋತಿದ್ದೆ." ನನ್ನ ಕಡೆ ಬಗ್ಗಿದರು. "ನಿಜ ಹೇಳು ಶಾಂಭವಿ. ನಿಮ್ಮತ್ತೆಗೆ ಗೊತ್ತೇ ಇರಲಿಲ್ವಾ?"

ಹೇಳಿಬಿಡಬೇಕು ಅನ್ನಿಸಿತು. ಇನ್ನೊಬ್ಬರಿಗೆ ಗೊತ್ತಾದರೆ ಎಷ್ಟು ಹಗುರಾಗುತ್ತಿತ್ತು. ಆದರೆ ನಾಳೆ ನಲ್ಲಿಯ ಹತ್ತಿರ ಅತ್ತೆಯ ಹೆಸರಿರುತ್ತದೆ.

"ಇಲ್ಲ ಗೌರಮ್ಮ" ಅಂದೆ. "ಕೊನೇವರೆಗೂ ಮಗ ಇದ್ದಾನೆ ಅಂತಲೇ ನಂಬಿದ್ರು."

ಅವರು ನನ್ನ ಮುಖವನ್ನೇ ನೋಡಿದರು. "ಹಾಗಾದ್ರೆ ಪುಣ್ಯವಂತೆ" ಎಂದು ಸೀರೆಯನ್ನು ಮಿಷನ್ನಿನ ಮೇಲಿಟ್ಟರು. "ಶುಕ್ರವಾರದೊಳಗೆ ಬೇಕು ನೋಡು" ಎಂದು ಮಂಡಿ ಹಿಡಿದುಕೊಂಡು ಎದ್ದು ಹೋದರು.

ಅವರ ಹೆಜ್ಜೆ ಬೀದಿ ದಾಟುವವರೆಗೂ ಕಾದೆ. ಆಮೇಲೆ ಬಾಗಿಲು ಮುಂದೆ ಮಾಡಿ, ಅಡಿಗೆಮನೆಯ ಗೋಡೆಗೆ ಒರಗಿ ಕೂತು, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಅಳತೊಡಗಿದೆ. ನಡುವೆ ಒಂದು ಸಲ "ಅತ್ತೆ, ನನಗೂ ಗೊತ್ತಿತ್ತು" ಅಂದೆ. ಮನೆಯಲ್ಲಿ ಯಾರೂ ಇರಲಿಲ್ಲ. ಮುಖ ತೊಳೆದುಕೊಂಡು ಬಂದು, ಕೈ ಚೆನ್ನಾಗಿ ಒರೆಸಿ, ರೇಷ್ಮೆ ಸೀರೆಯ ಮಡಿಕೆ ಬಿಚ್ಚಿದೆ.